ಮಗನ ದೃಢೀಕರಣಕ್ಕೆ ಒಂದು ಹೆಸರು: ಸಂತ ಜೋಸೆಫ್ ವಾಜ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬ ಅಕ್ಕ ಕೇಳಿದ್ದರು: "ಮಗಳ ದೃಢೀಕರಣಕ್ಕೆ ಯಾವ ಸಂತರ ಹೆಸರು ಇಡೋದು? ನಮ್ಮ ಕಡೆ ಓಡಾಡಿದವರು ಯಾರಾದರೂ ಇದ್ದಾರಾ?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ. ಆಗಲಿಲ್ಲ. ಈ ವರ್ಷ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿದೆ.

ಗುಂಪಿನಲ್ಲಿ ಬೇರೆ ಧರ್ಮದವರೂ ಇದ್ದೀರಿ, ಹಾಗಾಗಿ ಒಂದು ವಿವರಣೆ. ನಮ್ಮ ಮಕ್ಕಳಿಗೆ ಹಸುಗೂಸಾಗಿದ್ದಾಗಲೇ ಜ್ಞಾನಸ್ನಾನ ಆಗಿರುತ್ತದೆ. ಆಗ ಅವರ ಪರವಾಗಿ ನಾವು ಮಾತು ಕೊಟ್ಟಿರುತ್ತೇವೆ. ಸ್ವಲ್ಪ ದೊಡ್ಡವರಾದ ಮೇಲೆ ಆ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವುದು ದೃಢೀಕರಣ. ಆಗ ಒಬ್ಬ ಸಂತರ ಹೆಸರು ಆರಿಸಿಕೊಂಡು, ಅವರ ಬದುಕಿನ ಬಗ್ಗೆ ಒಂದು ಪುಟ ಬರೆಯಬೇಕು.

ನಾವು ಕುಂದಾಪುರ ಕಡೆಯವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಶಾಲೆಯಲ್ಲಿ ಕನ್ನಡ. ಈಗ ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಮಗ ಏಳನೇ ಗ್ರೇಡ್. ಅವನ ಗೆಳೆಯರಲ್ಲಿ ತುಂಬಾ ಜನ ಕಾರ್ಲೊ ಅಕುಟಿಸ್ ಹೆಸರು ಆರಿಸಿಕೊಂಡಿದ್ದಾರೆ. ಹದಿನೈದು ವರ್ಷಕ್ಕೇ ತೀರಿಕೊಂಡ, ಕಂಪ್ಯೂಟರ್ ಬಲ್ಲ ಆ ಹುಡುಗನ ಕಥೆ ಮಕ್ಕಳಿಗೆ ಹತ್ತಿರ ಅನ್ನಿಸುತ್ತದೆ. ಅದು ಒಳ್ಳೆಯದೇ. ಆದರೆ ಫೋನಿನಲ್ಲಿ ನನ್ನ ಅಮ್ಮ ಮೊಮ್ಮಗನಿಗೆ ಒಂದೇ ಮಾತು ಹೇಳಿದರು: "ನಮ್ಮ ಊರಿನ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದವರು ಒಬ್ಬರಿದ್ದಾರೆ. ಅವರ ಕಥೆ ಕೇಳಿದ ಮೇಲೆ ಯಾರ ಹೆಸರು ಬೇಕಾದರೂ ಇಟ್ಟುಕೋ."

ಹಾಗೆ ಶುರುವಾಯಿತು.

ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಗೋವಾದ ಬೆನಾವ್ಲಿಯಲ್ಲಿ. ಮನೆ ಮಾತು ಕೊಂಕಣಿ. 1676ರಲ್ಲಿ ಗುರುಗಳು, ಅಂದರೆ ಪಾದ್ರಿ ಆದರು. 1681ರಲ್ಲಿ ಅವರನ್ನು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ ಕಳಿಸಿದರು. ಆಗ ಈ ಸೀಮೆ ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಮಗ ಚೆನ್ನಮ್ಮನ ಹೆಸರನ್ನು ಇಲ್ಲಿಯ ಕನ್ನಡ ಕಲಿ ತರಗತಿಯಲ್ಲಿ ಕೇಳಿದ್ದ. "ಅದೇ ಕಾಲವಾ?" ಅಂತ ಎದ್ದು ಕೂತ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಅಂತ ವಾಜ್ ಮೂರು ವರ್ಷ ಸುತ್ತಾಡಿದರು. ಇಗರ್ಜಿಯ, ಅಂದರೆ ಚರ್ಚಿನ, ಅಧಿಕಾರ ಯಾರದು ಅಂತ ಗುರುಗಳ ನಡುವೆಯೇ ಜಗಳ ಇದ್ದ ಕಾಲ ಅದು. ಆ ಜಗಳದ ನಡುವೆಯೂ ಅವರು ಕಾಯಿಲೆಯವರ ಮನೆಗೆ ಹೋಗುವುದನ್ನು ಬಿಡಲಿಲ್ಲ.

ಮಂಗಳೂರು ಹತ್ತಿರದ ಮುಡಿಪು ಗುಡ್ಡದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ರೋಗಿ ಇದ್ದಾರೆ ಬನ್ನಿ ಅಂತ ಸುಳ್ಳು ಹೇಳಿ, ವಾಜ್‌ರನ್ನು ಕೊಲ್ಲಲು ರಾತ್ರಿ ಅಲ್ಲಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಬಂಡೆಯಿಂದ ಮೂರು ಕಡೆ ನೀರು ಉಕ್ಕಿತಂತೆ. ಇವತ್ತಿಗೂ ಭಕ್ತರು ಅಲ್ಲಿಂದ ನೀರು ತರುತ್ತಾರೆ. ಚಿಕ್ಕವಳಿದ್ದಾಗ ಅಪ್ಪ ಒಂದು ಬಾಟಲಿ ತಂದು ದೇವರ ಪೀಠದ ಮೇಲೆ ಇಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಪೂರ್ತಿ ಓಡಿಸಿದ್ದರು. ಕಥೋಲಿಕ ಗುರುಗಳು ಕಾಲಿಡುವ ಹಾಗಿರಲಿಲ್ಲ. ಇಗರ್ಜಿಗಳು ಕೈತಪ್ಪಿದವು. ಹತ್ತಿರ ಹತ್ತಿರ ಮೂವತ್ತು ವರ್ಷ ಅಲ್ಲಿನ ಜನರಿಗೆ ಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ. ಈ ಸುದ್ದಿ ಕೇಳಿದ ಮೇಲೆ ವಾಜ್‌ಗೆ ಗೋವಾದಲ್ಲಿ ಸುಮ್ನೆ ಕೂರಲು ಆಗಲಿಲ್ಲ. 1687ರಲ್ಲಿ ಕೂಲಿಯವನ ಬಟ್ಟೆ ಹಾಕಿಕೊಂಡು, ಜಾನ್ ಎಂಬ ಸೇವಕನ ಜೊತೆ ತೂತ್ತುಕುಡಿಯಿಂದ ದೋಣಿ ಹತ್ತಿದರು. ಜಾಫ್ನಾ ತಲುಪುವ ಹೊತ್ತಿಗೆ ಆಮಶಂಕೆಯಿಂದ ಸಾಯುವ ಸ್ಥಿತಿ. ಯಾರೋ ಒಬ್ಬ ಹೆಂಗಸು ಗಂಜಿ ಕೊಟ್ಟು ಬದುಕಿಸಿದಳು.

ಇಲ್ಲಿ ಮಗ ತಡೆದ. "ವೇಷ ಹಾಕೋದು ಸುಳ್ಳು ಹೇಳಿದ ಹಾಗೆ ಅಲ್ವಾ ಅಮ್ಮ? ಸಂತರು ಸುಳ್ಳು ಹೇಳಬಹುದಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಅವನ ಅಪ್ಪ, ನಾನು ಇದನ್ನೇ ಮಾತಾಡಿದೆವು. ಮರುದಿನ ಹೇಳಿದೆ: ಅವರು ಯಾರಿಗೂ ಮೋಸ ಮಾಡಲಿಲ್ಲ, ತನಗಾಗಿ ಏನನ್ನೂ ಪಡೆಯಲಿಲ್ಲ. ಬಡವನ ವೇಷ ಹಾಕಿದವರು ಆಮೇಲೆ ಕೊನೆವರೆಗೂ ಬಡವನಾಗಿಯೇ ಬದುಕಿದರು. ವೇಷವೇ ಅವರ ಬಾಳಾಯಿತು. ಅವನು ಪೂರ್ತಿ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಪ್ರಶ್ನೆಯನ್ನೇ ತನ್ನ ಪುಟದಲ್ಲಿ ಬರೆದ. ನನಗೆ ಅದು ಇಷ್ಟವಾಯಿತು.

ಚೇತರಿಸಿಕೊಂಡ ಮೇಲೆ ಅವರು ಮಾಡಿದ ಕೆಲಸ ನೋಡಿ. ಕೊರಳಿಗೆ ಜಪಸರ, ಅಂದರೆ ನಾವು ಪ್ರಾರ್ಥನೆಗೆ ಬಳಸುವ ಮಣಿಸರ (ರೋಸರಿ), ಹಾಕಿಕೊಂಡು ಭಿಕ್ಷೆಗೆ ಹೊರಟರು. ಮನೆ ಮನೆ ಬಾಗಿಲಲ್ಲಿ ನಿಂತು, ಅದನ್ನು ನೋಡಿದವರ ಮುಖ ಗಮನಿಸಿದರು. ಯಾರ ಕಣ್ಣು ಆ ಮಣಿಗಳ ಮೇಲೆ ನಿಲ್ಲುತ್ತದೋ ಅವರು ನಮ್ಮವರು. ಹಾಗೆ ಒಂದು ಕುಟುಂಬ ಸಿಕ್ಕಿತು, ಅದರಿಂದ ಇನ್ನೊಂದು. ರಾತ್ರಿ ಹೊತ್ತು ಮನೆಗಳೊಳಗೆ ಪೂಜೆ ಶುರುವಾಯಿತು.

ನಾನು ಈ ಜಾಗ ಬಿಟ್ಟು ಮುಂದೆ ಹೋಗಲಾರದೆ ಕೂತಿದ್ದೆ. ಮೂವತ್ತು ವರ್ಷ ಆ ಮನೆಗಳಲ್ಲಿ ಜಪಸರ ಅಂದರೆ ಏನು ಅಂತ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ಗುರುಗಳಲ್ಲ, ಶಾಲೆಯಲ್ಲ. ಅಮ್ಮಂದಿರು, ಅಜ್ಜಂದಿರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಹೇಳಿಕೊಡದೆ ಇದ್ದಿದ್ದರೆ ಸಂತ ಬಾಗಿಲಿಗೆ ಬಂದು ನಿಂತರೂ ಗುರುತು ಹಿಡಿಯುವವರು ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಬ್ಬರ ಶಿಫ್ಟ್ ಹೊಂದಿಸುವುದರಲ್ಲಿ ರಾತ್ರಿ ಪ್ರಾರ್ಥನೆ ನಿಂತು ಎರಡು ವರ್ಷ ಆಗಿತ್ತು. ಭಾನುವಾರ ಚರ್ಚಿಗೆ ಹೋಗುತ್ತೇವಲ್ಲ, ಸಾಕು ಅಂದುಕೊಂಡಿದ್ದೆ. ಅದು ನನ್ನ ತಪ್ಪು.

1692ರಲ್ಲಿ ವಾಜ್ ಕ್ಯಾಂಡಿಗೆ, ಅಂದರೆ ದ್ವೀಪದ ಒಳನಾಡಿನ ಬೌದ್ಧ ರಾಜನ ಊರಿಗೆ ಹೋದರು. ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಬಂಧನದಲ್ಲಿಟ್ಟರು. ಅವರು ಅಲ್ಲೇ ಕೂತು ಸಿಂಹಳ ಕಲಿತರು. ತಮಿಳು ಮೊದಲೇ ಕಲಿತಿದ್ದರು. ಆಮೇಲೆ ಬರಗಾಲ ಬಂತು. ಅವರು ಬೀದಿಯಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತು, ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ ವಾಜ್‌ಗೆ ಓಡಾಡಲು ಸ್ವಾತಂತ್ರ್ಯ ಕೊಟ್ಟ ಅಂತ ಅವರ ಚರಿತ್ರೆ ಹೇಳುತ್ತದೆ. ಮಕ್ಕಳಿಗೆ ಮಳೆಯ ಕಥೆ ಜಾಸ್ತಿ ಇಷ್ಟ. ನಾನು ಮಾತ್ರ ಮಗನಿಗೆ 1697ರ ಸಿಡುಬಿನ ಬಗ್ಗೆ ಎರಡು ಸಲ ಹೇಳಿದೆ. ಕ್ಯಾಂಡಿಯಲ್ಲಿ ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದಾಗ, ವಾಜ್ ಮತ್ತು ಅವರ ಅಕ್ಕನೋ ತಂಗಿಯೋ ಮಗನಾದ ಫಾದರ್ ಕಾರ್ವಾಲ್ಹೊ ಆ ರೋಗಿಗಳನ್ನು ಹುಡುಕಿ ಗುಡಿಸಲು ಹಾಕಿದರು. ಹುಣ್ಣು ತೊಳೆದರು, ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರು ಅಂತ ಕೇಳಲಿಲ್ಲ.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಹುಟ್ಟೂರಿಗೆ ಮರಳಲೇ ಇಲ್ಲ. 2015ರ ಜನವರಿ 14ರಂದು ಕೊಲಂಬೊದ ಸಮುದ್ರ ತೀರದಲ್ಲಿ ಪೋಪ್ ಫ್ರಾನ್ಸಿಸ್ ವಾಜ್‌ರನ್ನು ಸಂತ ಅಂತ ಘೋಷಿಸಿದರು. ಶ್ರೀಲಂಕಾಕ್ಕೆ ಅವರೇ ಮೊದಲ ಸಂತ.

ಇನ್ನೊಂದು ವಿಷಯ. ನಮ್ಮ ಚರ್ಚಿಗೆ ಜಾಫ್ನಾ ಕಡೆಯ ತಮಿಳು ಅಜ್ಜಿ ಒಬ್ಬರು ಬರುತ್ತಾರೆ. ಆರು ವರ್ಷದಿಂದ ಒಂದೇ ಸಾಲಿನಲ್ಲಿ ಕೂತರೂ ನಗು ಬಿಟ್ಟು ಬೇರೆ ಮಾತು ಇರಲಿಲ್ಲ. ಮಗ ಈ ಹೆಸರು ಹೇಳಿದ್ದೇ ತಡ, ಅವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ಅವರು ನಮ್ಮವರು" ಅಂದರು. "ನಮ್ಮವರೂ ಹೌದು" ಅಂದೆ. ಈಗ ಪೂಜೆ ಮುಗಿದ ಮೇಲೆ ಅವರ ಜೊತೆ ಕಾಫಿ ಕುಡಿಯದೆ ಮನೆಗೆ ಬರುವುದಿಲ್ಲ.

ಅಕ್ಕ, ನಿಮ್ಮ ಮಗಳಿಗೆ ಈ ಕಥೆ ಹೇಳಿ ನೋಡಿ. ಹೆಸರು ಅವಳೇ ಆರಿಸಿಕೊಳ್ಳಲಿ. ನನ್ನ ಮಗ ಜೋಸೆಫ್ ಅಂತ ಬರೆದುಕೊಟ್ಟಿದ್ದಾನೆ. ಅಮ್ಮ ದಿನವೂ ಹತ್ತು ನಿಮಿಷ ವಾಟ್ಸಾಪಿನಲ್ಲಿ ಅವನಿಗೆ ಜಪಸರ ಹೇಳಿಕೊಡುತ್ತಿದ್ದಾರೆ. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ. ಜಪಸರದಲ್ಲಿ ಹೇಳುವ 'ನಮಾನ್ ಮರಿಯೆ' ಪ್ರಾರ್ಥನೆ ಕೊಂಕಣಿಯಲ್ಲಿ ಪೂರ್ತಿ ಬಂತು. ಅದೇ ಪ್ರಾರ್ಥನೆ ಕನ್ನಡದಲ್ಲಿ, 'ನಮೋ ಮರಿಯಾ', ಅರ್ಧ ಆಗಿದೆ.