ಎರೆಮಣ್ಣಿನ ಊರಿನಲ್ಲಿ ಕೇಪಳ: ಎಲೆ ಹಳದಿ, ಕಡ್ಡಿ ಕಪ್ಪು – ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ತವರು ಕುಂದಾಪುರದ ಕಡೆ. ಅಲ್ಲಿ ಬೇಲಿಯ ಬುಡದಲ್ಲಿ, ಗುಡ್ಡದ ಮೇಲೆ, ಯಾರೂ ನೀರು ಹಾಕದಿದ್ದರೂ ಕೇಪಳ ಕೆಂಪು ಗೊಂಚಲು ಬಿಟ್ಟುಕೊಂಡು ನಿಂತಿರುತ್ತದೆ. ಕಳೆದ ವರ್ಷ ಒಂದು ಗಿಡ ತಂದು ಇಲ್ಲಿ ಮನೆಯ ಮುಂದೆ ಕಾಂಪೌಂಡ್ ಗೋಡೆಗೆ ಒತ್ತಿ ನೆಟ್ಟಿದ್ದೇನೆ. ಬದುಕಿದೆ, ಅಷ್ಟೇ. ಹೊಸದಾಗಿ ಬರುವ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಹೂವು ಬಂದರೆ ಬಂತು. ತವರಿನಿಂದ ತಂದ ಕಡ್ಡಿಗಳನ್ನು ಮಳೆಗಾಲ ಶುರುವಾದ ಕೂಡಲೇ ನೆಟ್ಟರೂ ಕೆಲವು ದಿನ ಹಸಿರಾಗಿದ್ದು, ಆಮೇಲೆ ಬುಡದಿಂದ ಕಪ್ಪಾಗುತ್ತವೆ. ಮಣ್ಣು ಎರೆ, ನೀರು ಬೋರ್‌ವೆಲ್‌ನದು, ಸಗಣಿ ಗೊಬ್ಬರ ಧಾರಾಳವಾಗಿ ಹಾಕಿದ್ದೇನೆ. ಬುಡದಲ್ಲಿ ತುಕ್ಕು ಮೊಳೆ ಹೂಳಿ ಎಂದು ಒಬ್ಬರು, ಮಜ್ಜಿಗೆ ಸುರಿಯಿರಿ ಎಂದು ಇನ್ನೊಬ್ಬರು ಹೇಳಿದ್ದಾರೆ. ನರ್ಸರಿಯಲ್ಲಿ ಸಿಗುವ ಕುಳ್ಳ ಇಕ್ಸೋರಾ ನನಗೆ ಬೇಡ, ಆ ಕಾಡು ಕೇಪಳವೇ ಬೇಕು. ಈ ಕಡೆ ಬೆಳೆಸಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ, ಚಿತ್ರದುರ್ಗದಿಂದ

ಅಕ್ಕ, ಹೊಸ ಎಲೆ ಹಳದಿ, ನರ ಹಸಿರು ಎಂದಿರಿ. ಅಲ್ಲಿಗೆ ಅರ್ಧ ಉತ್ತರ ನೀವೇ ಕೊಟ್ಟಂತಾಯಿತು. ಇದು ಕಬ್ಬಿಣದ ಕೊರತೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿದ್ದರೆ ಸಾರಜನಕವೋ ಮೆಗ್ನೀಷಿಯಮ್ಮೋ ಎಂದು ಹುಡುಕಬೇಕಾಗಿತ್ತು. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರನ್ನು ಕೇಳಿ ನೋಡಿ: ಸುಣ್ಣದ ಅಂಶ ಜಾಸ್ತಿ ಇರುವ ಹೊಲದಲ್ಲಿ ಶೇಂಗಾದ ಕುಡಿಯೂ ಹೀಗೆಯೇ ಬಿಳಿಚಿಕೊಳ್ಳುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟು ಇದೆ. ಆದರೆ ಕ್ಷಾರದ ಮಣ್ಣಿನಲ್ಲಿ ಅದು ಕರಗದ ರೂಪದಲ್ಲಿ ಕುಳಿತಿರುತ್ತದೆ, ಬೇರಿಗೆ ದಕ್ಕುವುದಿಲ್ಲ. ನೀವು ಹೂಳುವ ಮೊಳೆಯ ತುಕ್ಕು ಕೂಡ ಅದೇ ಕರಗದ ಕಬ್ಬಿಣ. ಇರುವ ರಾಶಿಗೆ ಇನ್ನೊಂದು ಹಿಡಿ ಸೇರಿತು ಎನ್ನುವುದನ್ನು ಬಿಟ್ಟರೆ ಬೇರೇನೂ ಆಗುವುದಿಲ್ಲ. ಮಜ್ಜಿಗೆಯನ್ನು ಮನೆಯವರೇ ಕುಡಿಯಲಿ.

ಕೇಪಳ ಕಾಫಿಯ ಕುಟುಂಬಕ್ಕೆ ಸೇರಿದ ಗಿಡ. ಎರಡಕ್ಕೂ ಹುಳಿ ಮಣ್ಣೇ ಇಷ್ಟ. ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ) 5ರಿಂದ 6.5ರ ಒಳಗಿದ್ದರೆ ಖುಷಿಯಾಗಿರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಮಳೆ ಬಿದ್ದು ಸುಣ್ಣವೆಲ್ಲ ತೊಳೆದು ಹೋಗಿ, ಜಂಬಿಟ್ಟಿಗೆಯ ಕೆಂಪು ಮಣ್ಣು ತಾನೇ ಹುಳಿಯಾಗಿದೆ. ನಮ್ಮಲ್ಲಿ ಬೀಳುವುದು 600 ಮಿ.ಮೀ. ಆಸುಪಾಸು. ಇಷ್ಟರಲ್ಲಿ ಸುಣ್ಣ ಎಲ್ಲಿಗೂ ಹೋಗುವುದಿಲ್ಲ. ಎರೆಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಸುತ್ತ ಇರುತ್ತದೆ. ಇದರ ಮೇಲೆ ಬೋರ್‌ವೆಲ್ ನೀರು. ನಿಮ್ಮ ಬಕೆಟ್‌ನ ಒಳ ಅಂಚಿಗೆ ಬಿಳಿ ಪದರ ಕಟ್ಟುತ್ತಿದ್ದರೆ, ಅದೇ ಪದರವನ್ನು ದಿನಾ ಗಿಡದ ಬುಡಕ್ಕೂ ಸುರಿಯುತ್ತಿದ್ದೀರಿ. ಸಾಲದು ಎನ್ನುವುದಕ್ಕೆ ಕಾಂಪೌಂಡ್ ಗೋಡೆ ಬೇರೆ. ಕಟ್ಟುವಾಗ ಉದುರಿದ ಸಿಮೆಂಟು, ಗಾರೆಯ ಚೂರು ಅದರ ಬುಡದಲ್ಲಿ ಇದ್ದೇ ಇರುತ್ತವೆ. ಇಡೀ ಅಂಗಳದಲ್ಲಿ ಕೇಪಳಕ್ಕೆ ಅತಿ ಕೆಟ್ಟ ಜಾಗ ಯಾವುದು ಎಂದರೆ ಅದೇ.

ಪರೀಕ್ಷಿಸಬೇಕೆಂದರೆ ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಸಣ್ಣಗೆ ಬುರುಬುರು ನೊರೆ ಬಂದರೆ ಸುಣ್ಣ ಇದೆ. ಖಚಿತವಾದ ಅಂಕಿ ಬೇಕಾದವರು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನಲ್ಲೋ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ನೊರೆ ಎದ್ದ ಮಣ್ಣಿಗೆ ಗಂಧಕ ಹಾಕಿ ಹುಳಿ ಮಾಡುತ್ತೇನೆಂದು ಹೊರಡಬೇಡಿ. ಇರುವ ಸುಣ್ಣವೆಲ್ಲ ತೀರುವವರೆಗೆ ರಸಸಾರ ಇಳಿಯುವುದಿಲ್ಲ, ಅಷ್ಟು ಗಂಧಕ ಹಾಕುವ ಹೊತ್ತಿಗೆ ಗಿಡವೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗಿಡವನ್ನು ದೊಡ್ಡ ಕುಂಡಕ್ಕೆ ಎತ್ತಿ. ಒಂದೂವರೆ ಅಡಿ ಅಗಲದ್ದಾದರೆ ಒಳ್ಳೆಯದು, ಸಿಮೆಂಟ್ ಕುಂಡ ಮಾತ್ರ ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ. ಕೆಂಪು ಮಣ್ಣಿಗೂ ವಿನೆಗರ್ ಹನಿಸಿ ನೋಡಿಯೇ ತುಂಬಿ. (ಜೋಗಿಮಟ್ಟಿಯ ಕಡೆ ಹೋದಾಗ ಚೀಲ ತುಂಬಿಸಿಕೊಂಡು ಬರುವವರನ್ನು ಕಂಡಿದ್ದೇನೆ. ಅದು ವನ್ಯಜೀವಿಧಾಮ, ಅಲ್ಲಿಂದ ಮಣ್ಣು ತರಬೇಡಿ.) ನೆಲದಲ್ಲೇ ಇರಬೇಕೆಂದರೆ ಗೋಡೆಯಿಂದ ದೂರ ಗುಂಡಿ ತೆಗೆದು ತುಂಬಬಹುದು. ಆದರೆ ಸುತ್ತಲಿನ ಎರೆ ಕೆಲವು ವರ್ಷಗಳಲ್ಲಿ ಒಳಗೆ ಬರುತ್ತದೆ, ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರೂ ನಿಲ್ಲುತ್ತದೆ. ನನ್ನ ಓಟು ಕುಂಡಕ್ಕೇ.

ಕುಂಡಕ್ಕೆ ಬಂದ ಮೇಲೆ ಕಬ್ಬಿಣ ಕೊಡಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಸಿರು ಛಾಯೆಯ ಹರಳು ತನ್ನಿ. ಅಂಗಡಿಯಲ್ಲೇ ಕಂದುಬಣ್ಣಕ್ಕೆ ತಿರುಗಿದ್ದು ಹಳಸಲು. ಕಲಸಿದ್ದನ್ನು ಆಗಲೇ ಮುಗಿಸಿ. ಗೋಡೆಗೂ ಟೈಲ್ಸ್‌ಗೂ ಹಾರಿದರೆ ಆ ತುಕ್ಕಿನ ಕಲೆ ಹೋಗುವುದಿಲ್ಲ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಬುಡಕ್ಕೇ ಹಾಕುವುದಾದರೆ ಚೀಲೇಟ್ ರೂಪದ, ಅಂದರೆ ಮಣ್ಣಿನಲ್ಲಿ ಕರಗಿಯೇ ಇರುವಂತೆ ಬೇರೊಂದು ವಸ್ತುವಿಗೆ ಹಿಡಿಸಿದ ಕಬ್ಬಿಣ ಬೇಕು. ಪೊಟ್ಟಣದ ಮೇಲೆ ‘ಇಡಿಟಿಎ’ ಎಂದಿದ್ದರೆ ಅದು ಕ್ಷಾರದ ಮಣ್ಣಿನಲ್ಲಿ ಬೇಗ ಕೈಕೊಡುತ್ತದೆ. ‘ಇಡಿಡಿಎಚ್‌ಎ’ ಎಂದಿರುವುದು ದುಬಾರಿ, ಆದರೆ ತಡೆದುಕೊಳ್ಳುತ್ತದೆ; ಚಿಟಿಕೆ ಹಾಕಿದರೂ ನೀರು ಕಡುಗೆಂಪಾಗುತ್ತದೆ.

ಒಮ್ಮೆ ಹಳದಿಯಾದ ಹಳೆಯ ಎಲೆ ಪೂರ್ತಿ ಹಸಿರಾಗಲಿ ಎಂದು ಕಾಯಬೇಡಿ. ಮುಂದೆ ಬರುವ ಚಿಗುರಿನ ಬಣ್ಣ ನೋಡಿ.

ನೀರಿನ ವಿಷಯ. ಮಳೆನೀರು ಹಿಡಿದಿಟ್ಟುಕೊಳ್ಳಲು ಆದರೆ ಅದಕ್ಕಿಂತ ಬೇರೆ ಇಲ್ಲ. ದಾವಣಗೆರೆಯಲ್ಲಿ ನಿಮಗೊಂದು ಅನುಕೂಲವಿದೆ: ಕುಂದವಾಡ ಕೆರೆಯ ಮೂಲಕ ನಲ್ಲಿಗೆ ಬರುವುದು ಭದ್ರಾ ನಾಲೆಯ ನೀರು, ಬೋರ್‌ವೆಲ್‌ಗಿಂತ ಎಷ್ಟೋ ಮೆದು. ನಲ್ಲಿ ಬಂದ ದಿನ ಕೇಪಳಕ್ಕೆಂದು ಒಂದು ಡ್ರಮ್ ತುಂಬಿಸಿಡಿ. ಬೋರ್‌ವೆಲ್ ನೀರೇ ಗತಿ ಎಂದಾದರೆ 10 ಲೀಟರ್ ಬಕೆಟ್‌ಗೆ ಅರ್ಧ ಚಹಾ ಚಮಚ ನಿಂಬೆ ಉಪ್ಪು ಕರಗಿಸಿ ಹಾಕಬಹುದು. ಶುದ್ಧೀಕರಣ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ಮಾತ್ರ ಹಾಕಲೇಬೇಡಿ. ಬೋರ್‌ವೆಲ್‌ನ ಉಪ್ಪೆಲ್ಲ ಗಟ್ಟಿಯಾಗಿ ಅದರಲ್ಲೇ ಇರುತ್ತದೆ.

ಇನ್ನು ಕಡ್ಡಿ. ಕುಂದಾಪುರದವರು ‘ಜೂನ್‌ನಲ್ಲಿ ಚುಚ್ಚಿಬಿಡಿ’ ಎನ್ನುವುದು ಅವರ ಊರಿಗೆ ಸರಿ. ನಮ್ಮ ಜೂನ್, ಜುಲೈ ಎಂದರೆ ಮಳೆಗಿಂತ ಗಾಳಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬೇರಿಲ್ಲದ ಕಡ್ಡಿಯ ಎಲೆಯಿಂದ ಆ ಗಾಳಿ ನೀರನ್ನೆಲ್ಲ ಹೀರುತ್ತದೆ. ಬಾಡಿತೆಂದು ನಾವು ಇನ್ನಷ್ಟು ನೀರು ಹಾಕುತ್ತೇವೆ, ಎರೆಮಣ್ಣಿನಲ್ಲಿ ಅದು ಬಸಿಯುವುದಿಲ್ಲ, ಸಗಣಿಯೂ ಸೇರಿದ್ದರೆ ಬುಡ ಕೊಳೆಯುತ್ತದೆ. ನಿಮ್ಮ ಕಡ್ಡಿ ಕಪ್ಪಾಗಿದ್ದು ಹೀಗೆ.

ಹೂ ಬಿಡದ ರೆಂಬೆಯ ತುದಿಯನ್ನು ಆರಿಸಿ. ಬುಡ ಕಂದು ತಿರುಗುತ್ತಿರಬೇಕು, ತುದಿ ಇನ್ನೂ ಹಸಿರಾಗಿರಬೇಕು. ಬೆಳಿಗ್ಗೆ ಬೇಗ, ಗೇಣಿಗಿಂತ ಚಿಕ್ಕದಾಗಿ, ಗಿಣ್ಣಿನ ಕೆಳಗೇ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕತ್ತರಿಯಾದರೆ ತೊಗಟೆ ಜಜ್ಜಿಹೋಗುತ್ತದೆ. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎರಡು ಜೋಡಿಯನ್ನು ಅರ್ಧಕ್ಕೆ ಕತ್ತರಿಸಿ. ಬುಡವನ್ನು ಬೇರು ಬರಿಸುವ ಹಾರ್ಮೋನ್ ಪುಡಿಗೆ ಅದ್ದಿ ಕೊಡವಿ. ತೊಳೆದ ಮರಳು, ಕೋಕೋಪೀಟ್ ಸಮ ಪಾಲು, ಗೊಬ್ಬರ ಚೂರೂ ಬೇಡ. ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಎರಡು ಲೀಟರ್ ನೀರಿನ ಬಾಟಲಿಯ ತಳ ಕೊಯ್ದು ಮೇಲೆ ಕವುಚಿ, ಬೆಳಕಿದ್ದೂ ನೇರ ಬಿಸಿಲು ಬೀಳದ ಕಡೆ ಇಡಿ. ಒಳಗೆ ಮಂಜು ಕಟ್ಟಿದ್ದರೆ ನೀರು ಬೇಡ ಎಂದರ್ಥ. ಬೇರು ಬರಲು ಒಂದೂವರೆ ತಿಂಗಳಿನಿಂದ ಎರಡು ತಿಂಗಳು ಬೇಕು. ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿದೆ ಎಂದು ನಂಬಬೇಡಿ, ಒಳಗಿನ ಶಕ್ತಿಯಲ್ಲೇ ಚಿಗುರಿ ಸಾಯುವ ಕಡ್ಡಿಗಳೂ ಇವೆ. ಮೆಲ್ಲಗೆ ಮೇಲಕ್ಕೆ ಎಳೆದಾಗ ತಡೆ ಸಿಕ್ಕರೆ ಮಾತ್ರ ಬಾಟಲಿಯ ಮುಚ್ಚಳ ತೆಗೆಯಿರಿ, ಆಮೇಲೆ ಒಂದು ವಾರ ಬಿಟ್ಟು ಬಾಟಲಿಯನ್ನೇ ತೆಗೆಯಿರಿ. ಹೀಗೆ ಮುಚ್ಚಿಟ್ಟರೆ ಯಾವ ತಿಂಗಳಾದರೂ ನಡೆಯುತ್ತದೆ, ಆದರೆ ಗಾಳಿ ತಗ್ಗಿ ಮಳೆ ಹಿಡಿಯುವ ಸೆಪ್ಟೆಂಬರ್ ನಮ್ಮ ಕಡೆಗೆ ಹೆಚ್ಚು ಒಪ್ಪುತ್ತದೆ.

ಉತ್ತರ, ಹಿರಿಯೂರಿನಿಂದ

ದುರ್ಗದವರು ಹೇಳಿದ್ದೆಲ್ಲ ಸರಿ, ಆದರೆ ಕಡ್ಡಿಯ ಗೊಡವೆ ಯಾಕೆ ಎನ್ನುತ್ತೇನೆ. ನಮ್ಮ ಕಡೆ ದಾಳಿಂಬೆಗೆ ಗೂಟಿ ಕಟ್ಟುವುದು, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ಗೊತ್ತಿರುವ ಕೆಲಸ. ಅದೇ ಕೈಗಳು ಕೇಪಳಕ್ಕೂ ಸಾಕು. ತವರಿಗೆ ಹೋದಾಗ ತಾಯಿ ಗಿಡದ ಮೇಲೆಯೇ ಪೆನ್ಸಿಲ್ ದಪ್ಪದ ರೆಂಬೆ ನೋಡಿ, ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ. ಒಳಗಿನ ಲೋಳೆ ಪದರವನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯುವುದೇ ಇಲ್ಲಿ ಮುಖ್ಯ. ಅದು ಉಳಿದರೆ ಗಾಯ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಮೇಲಿನ ಅಂಚಿಗೆ ಹಾರ್ಮೋನ್ ಪುಡಿ ಸವರಿ, ಒದ್ದೆ ಪಾಚಿಯನ್ನೋ ಹಿಂಡಿದ ಕೋಕೋಪೀಟನ್ನೋ ಇಟ್ಟು, ಬಿಳಿ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಜೂನ್‌ನಲ್ಲಿ ಕಟ್ಟಿ ಬಂದರೆ ಕುಂದಾಪುರದ ಮಳೆಯೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಚೌತಿಗೆ ಹೋದಾಗ ಪ್ಲಾಸ್ಟಿಕ್‌ನೊಳಗೆ ಬಿಳಿ ಬೇರು ಕಂದಾಗುತ್ತಿರುವುದು ಕಂಡರೆ ಅದರ ಕೆಳಗೆ ಕತ್ತರಿಸಿ ತನ್ನಿ. ತಂದ ಕೂಡಲೇ ಬಿಸಿಲಿಗೆ ಇಡದೆ ಮೂರು ವಾರ ನೆರಳಿನಲ್ಲಿಡಿ.

ಉತ್ತರ, ದಾವಣಗೆರೆಯಿಂದ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ಇಷ್ಟೆಲ್ಲ ಉಪಚಾರ ಬೇಡುವ ಗಿಡವನ್ನು ಒಂದು ಕುಂಡದಲ್ಲಿ ಪ್ರೀತಿಗೆ ಇಟ್ಟುಕೊಳ್ಳಿ. ಗೋಡೆಯ ಉದ್ದಕ್ಕೆ ನಂದಿಬಟ್ಟಲು ಹಾಕಿ. ಈ ಎರೆಯಲ್ಲೇ, ಇದೇ ಬೋರ್‌ವೆಲ್ ನೀರಿನಲ್ಲೇ ವರ್ಷವಿಡೀ ಹಸಿರಾಗಿದ್ದು ದೇವರಿಗೆ ಹೂ ಕೊಡುತ್ತದೆ, ಕಡ್ಡಿಯೂ ಸುಲಭವಾಗಿ ಬೇರೂರುತ್ತದೆ. ಕೇಪಳದ ಬಗ್ಗೆ ನನಗೆ ತಿಳಿದಿರುವುದು ಒಂದೇ: ಬೇಲಿಯಂತೆ ತಿಂಗಳಿಗೊಮ್ಮೆ ಸಮನಾಗಿ ಕತ್ತರಿಸುವವರ ಮನೆಯಲ್ಲಿ ಅದು ಹೂ ಬಿಡುವುದಿಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಸುತ್ತು ಹೂವು ಮುಗಿದ ಮೇಲೆ ಗೊಂಚಲಿನ ಕೆಳಗೆ ಎರಡು ಗಿಣ್ಣಿಗೆ ಕತ್ತರಿಸಿ, ಮತ್ತೆ ಮುಟ್ಟಬೇಡಿ. ಹಾಗೆಯೇ, ಕಾಂಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ಎಲೆ ತಿರುಗಿಸಿ ನೋಡಿ. ಸಸ್ಯಹೇನೋ ಶಲ್ಕ ಕೀಟವೋ ಇದ್ದೇ ಇರುತ್ತದೆ. ಬೇವಿನ ಎಣ್ಣೆ 5 ಮಿ.ಲೀ., ಒಂದೆರಡು ಹನಿ ಸೋಪಿನ ದ್ರಾವಣ, ಒಂದು ಲೀಟರ್ ನೀರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ವಿನೆಗರ್ ಹನಿಸಿದೆ, ಗೋಡೆಯ ಬದಿಯ ಮಣ್ಣು ಸೋಡಾ ತೆರೆದ ಹಾಗೆ ನೊರೆಯೆದ್ದಿತು! ಕುಂಡಕ್ಕೇ ಎತ್ತುತ್ತೇನೆ. ಎರಡು ಸಂದೇಹ. ಈಗ ಏಪ್ರಿಲ್, ಈ ಬಿಸಿಲಿನಲ್ಲೇ ಎತ್ತಬಹುದೇ? ಮತ್ತು ತವರಿನ ಗಿಡದಲ್ಲಿ ಹಣ್ಣು ಬಿಡುತ್ತದೆ, ಚಿಕ್ಕಂದಿನಲ್ಲಿ ಕಿತ್ತು ತಿನ್ನುತ್ತಿದ್ದೆವು. ಬೀಜ ಹಾಕಿದರೆ ಬರುತ್ತದೆಯೇ?

ಉತ್ತರ, ಚಿತ್ರದುರ್ಗದಿಂದ

ಈಗ ಎತ್ತಬೇಡಿ ಅಕ್ಕ. 40 ಡಿಗ್ರಿಯಲ್ಲಿ ಬೇರು ಕಡಿದರೆ ಎಲೆ ಉದುರಿಸಿ ನಿಲ್ಲುತ್ತದೆ. ಸದ್ಯ ಅನ್ನಭೇದಿ ಸಿಂಪಡಿಸಿ, ಬುಡಕ್ಕೆ ಒಣ ಎಲೆ ಹೊದಿಸಿ, ಮಧ್ಯಾಹ್ನದ ಬಿಸಿಲಿಗೆ ಹಸಿರು ನೆರಳು ಬಲೆ ಕಟ್ಟಿ. ಒಂದೆರಡು ಹದ ಮಳೆಯಾಗಿ ನೆಲ ತಂಪಾದ ಮೇಲೆ, ಮೋಡ ಇರುವ ದಿನ ಸಂಜೆ ಬೇರಿನ ಮುದ್ದೆ ಒಡೆಯದಂತೆ ಎತ್ತಿ. ಗಾಳಿಗೆ ಮರೆಯಾದ ಕಡೆ ಕುಂಡ ಇಡಿ. ಬೇರಿಗೆ ಅಂಟಿದ ಎರೆಯನ್ನು ಪೂರ್ತಿ ತೊಳೆಯಲು ಹೋಗಬೇಡಿ, ತಾನಾಗಿ ಉದುರಿದಷ್ಟು ಸಾಕು.

ಬೀಜದಿಂದಲೂ ಬರುತ್ತದೆ. ಪೂರ್ತಿ ಕಪ್ಪು ತಿರುಗಿದ ಹಣ್ಣನ್ನು ಹಿಸುಕಿ, ತಿರುಳು ತೊಳೆದು, ಒಣಗಲು ಬಿಡದೆ ಆಗಲೇ ಅದೇ ಮರಳು, ಕೋಕೋಪೀಟ್‌ಗೆ ಹಾಕಿ. ಆದರೆ ಬೀಜದ ಗಿಡ ಹೂ ಬಿಡಲು ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಗೂಟಿ ಗಿಡವಾದರೆ ಬೇರೂರಿದ ಮೊದಲ ವರ್ಷದಲ್ಲೇ ಗೊಂಚಲು ತೋರಿಸಬಹುದು. ಜೂನ್‌ನಲ್ಲಿ ತವರಿಗೆ ಹೋಗುವುದಿದ್ದರೆ ಹಿರಿಯೂರಿನವರು ಹೇಳಿದಂತೆ ಮಾಡಿ. ಒಂದೇ ರೆಂಬೆಗೆ ಕಟ್ಟಿ ಬರಬೇಡಿ, ನಾಲ್ಕೈದಕ್ಕೆ ಕಟ್ಟಿ. ಹೆಚ್ಚಾದರೆ ದುರ್ಗಕ್ಕೆ ಒಂದು ಕಳುಹಿಸಿ, ಬಿಳಿ ನಂದಿಬಟ್ಟಲು ಬದಲಿಗೆ ಕೊಡುತ್ತೇನೆ.