ಹೆಸರು ಕೆಟ್ಟ ಲೇಖಕರ ಹಳೆ ಪುಸ್ತಕ ಕೊಳ್ಳಬಹುದಾ?

ಪ್ರಶ್ನೆ (ನೀರ್ಚಾಲಿನ ಟೀಚರ್): ಅಣ್ಣ, ಕಾಸರಗೋಡಿನ ನಿಮ್ಮ ಹಳೆ ಪುಸ್ತಕದ ಅಂಗಡಿಗೆ ನಾನು ಆಗಾಗ ಬರುವವಳು. ಬದಿಯಡ್ಕ ಬಸ್ಸಿಗೆ ಹೊತ್ತಾಯ್ತು ಅಂತ ಯಾವಾಗಲೂ ಅವಸರ ಮಾಡುವ ಟೀಚರ್ ಅಂದರೆ ಗೊತ್ತಾಗಬಹುದು. ಹೋದ ಸಲ ನಿಮ್ಮಲ್ಲಿ ಆಲಿಸ್ ಮನ್ರೋ ಅವರ ಕಥೆ ಪುಸ್ತಕಗಳು ಇದ್ದವು. ಕೈಗೆ ತಗೊಂಡೆ, ಮತ್ತೆ ಅಲ್ಲೇ ಇಟ್ಟು ಬಂದೆ. ಅವರ ಮಗಳು ಬರೆದದ್ದನ್ನು ಓದಿದ ಮೇಲೆ ಹೊಸ ಪ್ರತಿ ಕೊಳ್ಳುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ. ಹಳೇದು ಕೊಂಡರೆ ಅವರ ಕಡೆಗೆ ದುಡ್ಡು ಹೋಗುವುದಿಲ್ಲ ಅಲ್ವಾ? ಅಷ್ಟಾದರೆ ಸಾಕಾ? ಮತ್ತೆ ಮಾರುವ ನಿಮಗೆ ಏನೂ ಅನಿಸುವುದಿಲ್ವಾ? ಸಿಟ್ಟಿನಲ್ಲಿ ಕೇಳುತ್ತಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು.

ಉತ್ತರ (ಹಳೆ ಪುಸ್ತಕದ ವ್ಯಾಪಾರಿ): ನೆನಪುಂಟು ಟೀಚರೇ. ಸಿಟ್ಟಿನಲ್ಲಿ ಕೇಳಿದರೂ ತಪ್ಪಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಮನ್ರೋ ಕೆನಡಾದವರು, 2013ರಲ್ಲಿ ನೊಬೆಲ್ ಬಂತು, 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಜುಲೈಯಲ್ಲಿ ಅವರ ಕೊನೆಯ ಮಗಳು ಅಲ್ಲಿನ ಪತ್ರಿಕೆಯಲ್ಲಿ ಬರೆದರು. 1976ರಲ್ಲಿ, ತನಗೆ 9 ವರ್ಷ ಇದ್ದಾಗ, ಮಲತಂದೆ ಲೈಂಗಿಕ ದೌರ್ಜನ್ಯ ಮಾಡಿದ. 1992ರಲ್ಲಿ ಪತ್ರ ಬರೆದು ಅಮ್ಮನಿಗೆ ತಿಳಿಸಿದೆ. ಅಮ್ಮ ಸ್ವಲ್ಪ ದಿನ ದೂರ ಇದ್ದು ಮತ್ತೆ ಅವನ ಹತ್ತಿರವೇ ಹೋದರು, ಅವನು ಸಾಯುವ ತನಕ ಜೊತೆಗಿದ್ದರು. ಇದು ಬರೀ ಆರೋಪವೂ ಅಲ್ಲ, 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿದ್ದ. ಮನ್ರೋ ಮತ್ತು ಅವರ ಮೊದಲ ಗಂಡ 1963ರಲ್ಲಿ ಶುರು ಮಾಡಿದ ಪುಸ್ತಕದಂಗಡಿ ಈಗ ಬೇರೆಯವರ ಕೈಯಲ್ಲಿ ಉಂಟು, ಅವರೂ ಮಗಳ ಪರವಾಗಿಯೇ ಹೇಳಿಕೆ ಕೊಟ್ಟರು.

ಈಗ ದುಡ್ಡಿನ ಲೆಕ್ಕ. ಇದು ಸುಲಭ. ಹೊಸ ಪ್ರತಿ ಮಾರಾಟವಾದಾಗ ಲೇಖಕರಿಗೆ ರಾಯಲ್ಟಿ ಹೋಗುತ್ತದೆ. ನಮ್ಮಲ್ಲಿ ಮುಖಬೆಲೆಯ ಶೇಕಡಾ 10 ಅನ್ನುವುದು ಸಾಮಾನ್ಯ ರೂಢಿ. ಒಮ್ಮೆ ಮಾರಾಟವಾದ ಪ್ರತಿಯ ಮೇಲೆ ಅಲ್ಲಿಗೆ ಮುಗಿಯಿತು. 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ, ಆಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಲೇಖಕರ ಹಕ್ಕಿನಿಂದ ಹೊರಗೆ ಇಟ್ಟಿದ್ದಾರೆ. ಅದಕ್ಕೇ ನನ್ನಂಥವರ ಅಂಗಡಿ ನಡೆಯುವುದು. ನೀವು ಕೊಡುವ ನೂರು ರೂಪಾಯಿ ನನಗೆ, ನನಗೆ ಕೊಟ್ಟ ಮನೆಯವರಿಗೆ, ಅಂಗಡಿ ಬಾಡಿಗೆಗೆ. ಲೇಖಕಿಗೂ ಇಲ್ಲ, ವಾರಸುದಾರರಿಗೂ ಇಲ್ಲ.

ಸತ್ತ ಮೇಲೆ ಯಾರಿಗೆ ಹೋದರೇನು ಅನ್ನುವವರಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಹಕ್ಕು ಲೇಖಕರು ತೀರಿದ ಮೇಲೂ 60 ವರ್ಷ ಇರುತ್ತದೆ, ಮರುವರ್ಷದ ಜನವರಿಯಿಂದ ಎಣಿಕೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿದರು, ಅವರಿದ್ದಾಗ ಅಚ್ಚಾದ ಬರಹಗಳ ಹಕ್ಕು 2023ರ ಕೊನೆಗೆ ಮುಗಿಯಿತು. (ಅವರು ಈ ಸಾಲಿಗೆ ಸೇರುವವರಲ್ಲ ಮಾರಾಯ್ರೆ, ಲೆಕ್ಕ ಗೊತ್ತಾಗಲಿ ಅಂತ ಹೇಳಿದೆ.) ಮನ್ರೋ ಅವರದ್ದು 2084ರ ತನಕ ಉಂಟು.

ನಿಮ್ಮ 'ಅಷ್ಟಾದರೆ ಸಾಕಾ' ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸಾಕಾಗುವುದಿಲ್ಲ ಅಂತ. ಅಂಗಡಿಯಲ್ಲಿ ಕೂತು ನೋಡಿದ್ದೇನೆ. ದುಡ್ಡು ಹೋಗುವುದಿಲ್ಲ ಅಂತ ಹೇಳಿದ ಕೂಡಲೇ ಕೆಲವರ ಮುಖ ಹಗುರಾಗುತ್ತದೆ, ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಅವರೇ ಆ ಪುಸ್ತಕದ ಫೋಟೋ ಹಾಕಿ 'ಎಲ್ಲರೂ ಓದಲೇಬೇಕು' ಅಂತ ಬರೆಯುತ್ತಾರೆ, ಅದನ್ನು ನೋಡಿ ಹತ್ತು ಜನ ಹೊಸ ಪ್ರತಿ ತರಿಸುತ್ತಾರೆ. ಅಲ್ಲಿ ದುಡ್ಡು ಹೋಯಿತಲ್ಲ. ಹಳೇದು ಕೊಂಡದ್ದರಿಂದ ಏನಾಯಿತು ಹಾಗಾದರೆ? ಓದಿ, ಇಷ್ಟವಾದರೆ ಇಷ್ಟ ಆಯಿತು ಅಂತಲೇ ಹೇಳಿ, ಜೊತೆಗೆ ಮಗಳ ಮಾತನ್ನೂ ಹೇಳಿ. ಆ ಎರಡನೇ ಮಾತು ಹೇಳಲಿಕ್ಕೆ ಬಾಯಿ ಬರುವುದಿಲ್ಲ ಅಂತಾದರೆ ಆ ಪುಸ್ತಕ ಇನ್ನೊಬ್ಬರಿಗೆ ಶಿಫಾರಸು ಮಾಡಬೇಡಿ. ನಾನು ಮಾರುವಾಗಲೂ ಹಾಗೆಯೇ. ಕಾಲೇಜು ಮಕ್ಕಳು ಕೇಳಿದರೆ ಪುಸ್ತಕ ಕೊಡುತ್ತೇನೆ, ವಿಷಯ ಹೇಳಿಯೇ ಕೊಡುತ್ತೇನೆ. ಕೆಲವರು ವಾಪಸ್ ಇಟ್ಟು ಹೋಗುತ್ತಾರೆ. ಹೋಗಲಿ.

ಮಾರುವ ನನಗೆ ಏನನಿಸುತ್ತದೆ ಅಂತ ಕೇಳಿದ್ದೀರಿ. ನನಗೆ ಪುಸ್ತಕ ಒಂದೊಂದಾಗಿ ಬರುವುದಿಲ್ಲ. ಈ ಕಡೆ ಹಳೆ ಮನೆ ಖಾಲಿ ಮಾಡುತ್ತಾರೆ, ಅಜ್ಜ ಕನ್ನಡ ಶಾಲೆಯ ಮಾಷ್ಟ್ರಾಗಿದ್ದವರು, ಮಕ್ಕಳು ಬೆಂಗಳೂರು ಇಲ್ಲ ಗಲ್ಫ್, ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅಟ್ಟದಿಂದ ಇಳಿಸಿದ ಪೆಟ್ಟಿಗೆ ತೆಗೆದರೆ ಮೇಲೆ ಪಂಚಾಂಗ, ಕೆಳಗೆ ಯಕ್ಷಗಾನ ಪ್ರಸಂಗ, ಮಧ್ಯೆ ಒಂದು ರಷ್ಯನ್ ಕಾದಂಬರಿ, ಒರಲೆ ಹಿಡಿದ ನಿಘಂಟು. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಹೆಸರು, ಕೊಂಡ ಊರು, ತಾರೀಕು. ನಾನು ಹೋಗದಿದ್ದರೆ ಎಲ್ಲ ಗುಜರಿಗೆ, ಕೆ.ಜಿ. ಲೆಕ್ಕದಲ್ಲಿ. ಅದರಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಆರಿಸಲಿಕ್ಕೆ ಕೂತರೆ ನಾನು ಪುಸ್ತಕದ ವ್ಯಾಪಾರಿ ಆಗಿ ಉಳಿಯುವುದಿಲ್ಲ. ಆದರೆ ಎದುರಿನ ಕಪಾಟಿನಲ್ಲಿ ಯಾವುದು ಇಡಬೇಕು ಅನ್ನುವುದು ನನ್ನ ಕೈಯಲ್ಲಿ ಉಂಟು. ಮನ್ರೋ ಈಗ ಒಳಗಿನ ಸಾಲಿನಲ್ಲಿ. ಅಡಗಿಸಿಟ್ಟದ್ದಲ್ಲ, ಮೆರೆಸುವುದಿಲ್ಲ ಅಷ್ಟೆ.

ನೀರ್ಚಾಲಿನ ಟೀಚರ್: ಥ್ಯಾಂಕ್ಸ್ ಅಣ್ಣ. ಇನ್ನೊಂದು. ಇಂಥದ್ದು ಗೊತ್ತಾದ ಮೇಲೆ ಕಥೆ ಓದುವಾಗ ಬರೆದವರನ್ನು ಬದಿಗಿಟ್ಟು ಓದಲಿಕ್ಕೆ ಆಗುತ್ತದಾ? ನನಗಂತೂ ಪ್ರತಿ ಸಾಲಿನಲ್ಲೂ ಆ ಮನೆಯೇ ಕಾಣುತ್ತದೆ.

ಉತ್ತರ: ಕಾಣಲಿ ಬಿಡಿ. ಕಾಣದ ಹಾಗೆ ಓದಬೇಕು ಅಂತ ಯಾರು ಹೇಳಿದ್ದು? ಮನ್ರೋ ಅವರ ವಿಷಯದಲ್ಲಿ ಹಾಗೆ ಓದುವುದು ಸರಿಯೂ ಅಲ್ಲ. 1992ರಲ್ಲಿ ಮಗಳ ಪತ್ರ ಬಂತು, ಅದರ ಮಾರನೇ ವರ್ಷವೇ ಅವರು ಒಂದು ಕಥೆ ಪ್ರಕಟಿಸಿದರು. ಅದರಲ್ಲಿ ಒಬ್ಬ ಗಂಡಸು ನೆರೆಮನೆ ಮಕ್ಕಳಿಗೆ ಕೇಡು ಮಾಡುತ್ತಾನೆ, ಅವನ ಜೊತೆಗಿರುವ ಹೆಂಗಸು ನೋಡಿಯೂ ನೋಡದ ಹಾಗೆ ಇರುತ್ತಾಳೆ. ಮೂವತ್ತು ವರ್ಷ ಜನ ಅದನ್ನು ಬರೀ ಒಳ್ಳೆ ಕಥೆ ಅಂತ ಓದಿದರು. ಈಗ ಓದಿದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಕಥೆ ಕೆಟ್ಟುಹೋಗಿಲ್ಲ, ಇನ್ನೂ ಹರಿತವಾಗಿದೆ. ಆದರೆ ಬರೆದವರ ಮೇಲೆ ಗೌರವ ಜಾಸ್ತಿಯಾಗುವುದಿಲ್ಲ. ಅಷ್ಟೆಲ್ಲ ತಿಳಿದು ಬರೆಯಲಿಕ್ಕೆ ಆಯಿತು, ಮಗಳ ಪರ ನಿಲ್ಲಲಿಕ್ಕೆ ಆಗಲಿಲ್ಲ. ಕಥೆಯನ್ನೂ ಬರೆದವರನ್ನೂ ಬೇರೆ ಮಾಡಿ ಅನ್ನುವವರು ಈ ಕಥೆಯನ್ನು ಹೇಗೆ ಬೇರೆ ಮಾಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಓದಲಿಕ್ಕೆ ಆಗುವುದೇ ಇಲ್ಲ ಅನಿಸಿದರೆ ಬಿಡಿ. ಓದಲು ಬೇರೆ ಪುಸ್ತಕ ಇಲ್ವಾ?

ಉಪ್ಪಳದವರು: ಇದೆಲ್ಲ ಅತಿಯಾಯಿತು. ಹಣ್ಣು ತಿನ್ನಬೇಕು, ಮರ ಎಣಿಸಬಾರದು. ಕವಿ ಹೇಗಿದ್ದ ಅಂತ ನೋಡುತ್ತಾ ಹೋದರೆ ಒಬ್ಬರೂ ಉಳಿಯುವುದಿಲ್ಲ. ಚಿಲಿಯ ಕವಿ ನೆರೂಡ ಕನ್ನಡದಲ್ಲೂ ಬಂದಿದ್ದಾನೆ, ನಾವೆಲ್ಲ ಓದಿ ಬೆಳೆದವರು. ಈಗ ಅವನನ್ನೂ ಬಿಸಾಡಬೇಕಾ?

ಉತ್ತರ: ಬಿಸಾಡಿ ಅಂತ ನಾನು ಎಲ್ಲಿ ಹೇಳಿದೆ ಮಾರಾಯ್ರೆ. ಆದರೆ ನೀವಾಗಿಯೇ ನೆರೂಡನ ಹೆಸರು ತೆಗೆದಿರಿ, ಹಾಗಾಗಿ ಹೇಳುತ್ತೇನೆ. ಅವನು 1929ರ ಹೊತ್ತಿಗೆ ಕೊಲಂಬೊದಲ್ಲಿ ಚಿಲಿ ದೇಶದ ಕಾನ್ಸುಲ್ ಆಗಿದ್ದ. ಅವನ ಬಂಗ್ಲೆಯ ಕಕ್ಕಸು ತೆಗೆಯಲಿಕ್ಕೆ ಬರುತ್ತಿದ್ದ ತಮಿಳು ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದ. ಇದನ್ನು ಯಾವ ಶತ್ರುವೂ ಹೊರಗೆ ಹಾಕಿದ್ದಲ್ಲ, ಅವನೇ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಅವನು ಸತ್ತ ಮಾರನೇ ವರ್ಷ, 1974ರಲ್ಲಿ, ಅದು ಅಚ್ಚಾಯಿತು. ಲೋಕವೆಲ್ಲ ಓದಿತು, ದಶಕಗಟ್ಟಲೆ ಯಾರೂ ದೊಡ್ಡ ಸುದ್ದಿ ಮಾಡಲಿಲ್ಲ. 2018ರಲ್ಲಿ ಸಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಡುವ ಮಾತು ಬಂದಾಗ ಚಿಲಿಯ ಹೆಂಗಸರೇ ಎದ್ದು ನಿಂತು ಬೇಡ ಅಂದರು.

ಆ ಹೆಂಗಸಿನ ಹೆಸರು ಆ ಪುಸ್ತಕದಲ್ಲಿ ಇಲ್ಲ. ನೀವು ಮರ ಎಣಿಸಬಾರದು ಅನ್ನುತ್ತೀರಿ. ನಮಗೆ ಮರದ ಹೆಸರು, ಅದು ಎಲ್ಲಿ ಹುಟ್ಟಿತು, ಯಾವ ಪ್ರಶಸ್ತಿ ಬಂತು ಎಲ್ಲ ಬೇಕು, ಪುಸ್ತಕದ ಹಿಂದಿನ ಪುಟದಲ್ಲಿ ಫೋಟೋ ಸಮೇತ ಬೇಕು. ಈ ಒಂದು ಸಂಗತಿ ಬಂದಾಗ ಮಾತ್ರ ಹಣ್ಣು ಸಾಕು ಅಂದರೆ ಹೇಗೆ? ಪ್ರೇಮ ಕವಿತೆ ಓದಿ, ನಾನೂ ಓದುತ್ತೇನೆ. ವೇದಿಕೆಯಲ್ಲಿ ನಿಂತು ಪೀಡಿತರ ಕವಿ ಅಂತ ಹೊಗಳುವಾಗ ಮಾತ್ರ ಕೊಲಂಬೊದ ಆ ಬಂಗ್ಲೆಯನ್ನೂ ಸ್ವಲ್ಪ ನೆನಪಿಡಿ.

ಉಪ್ಪಳದವರು: ಸರಿ, ಆ ಸಂಗತಿ ಗೊತ್ತಿರಲಿಲ್ಲ. ಆದರೂ ಕವಿತೆ ಕವಿತೆಯೇ.

ಉತ್ತರ: ಅದಕ್ಕೆ ನನ್ನ ತಕರಾರಿಲ್ಲ.

ಪ್ರಶ್ನೆ (ಪೆರ್ಲದವನು, ಈಗ ಬೆಂಗಳೂರಲ್ಲಿ): ಅಣ್ಣಾ, ಇಲ್ಲಿ ಫುಟ್‌ಪಾತಲ್ಲಿ ನೂರೈವತ್ತಕ್ಕೆ ಯಾವ ಇಂಗ್ಲಿಷ್ ಪುಸ್ತಕ ಬೇಕಾದರೂ ಸಿಗುತ್ತದೆ. ಲೇಖಕನಿಗೆ ದುಡ್ಡು ಹೋಗಬಾರದು ಅಂತ ತಾನೆ? ಅದೂ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲ ತಮ್ಮಾ. ಅದು ಹಳೆ ಪುಸ್ತಕ ಅಲ್ಲ, ಕಳ್ಳ ಪ್ರತಿ. ಗುರುತು ಹಿಡಿಯುವುದು ಸುಲಭ. ಹಾಳೆ ತೆಳು, ಹಿಂದಿನ ಪುಟದ ಅಕ್ಷರ ಈಚೆ ಕಾಣುತ್ತದೆ. ಸಾಲು ಓರೆ, ಬೆನ್ನಿನ ಅಂಟು ಎರಡು ಸಲ ಬಿಡಿಸಿದರೆ ಕೈಗೇ ಬರುತ್ತದೆ. ಮುಖಪುಟದ ಚಿತ್ರ ಮಸುಕಾಗಿರುತ್ತದೆ. ಎಲ್ಲ ಪುಸ್ತಕಕ್ಕೂ ಒಂದೇ ರೇಟು ಹೇಳಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ. ಇದನ್ನು ಅಚ್ಚು ಹಾಕುವುದೂ ಮಾರುವುದೂ ಕಾಪಿರೈಟ್ ಕಾಯ್ದೆಯ ಪ್ರಕಾರ ಅಪರಾಧ, ಮೂರು ವರ್ಷದ ತನಕ ಜೈಲು ಉಂಟು. ಕಳ್ಳ ಪ್ರತಿ ಮಾಡುವವನು ನಿಮಗೆ ಇಷ್ಟವಿಲ್ಲದ ಲೇಖಕನ ಜೇಬಿಗೆ ಮಾತ್ರ ಕೈ ಹಾಕುವುದಿಲ್ಲ, ನಿಮಗೆ ಇಷ್ಟದವರ ಜೇಬಿಗೂ ಹಾಕುತ್ತಾನೆ.

ಅನುವಾದಕರ ವಿಷಯವೂ ಉಂಟು, ಇದನ್ನು ಯಾರೂ ಕೇಳುವುದಿಲ್ಲ. ಅನುವಾದದ ಮೇಲೆ ಅನುವಾದಕರಿಗೆ ಬೇರೆಯೇ ಹಕ್ಕಿರುತ್ತದೆ. ಮೂಲ ಲೇಖಕನ ಹೆಸರು ಕೆಟ್ಟರೆ ವರ್ಷಗಟ್ಟಲೆ ಕೂತು ಕನ್ನಡಕ್ಕೆ ತಂದವರ ದುಡಿಮೆಯೂ ಮುಳುಗುತ್ತದೆ. ಪ್ರಕಾಶಕರು ಬೇಕಾದರೆ ದಾರಿ ಹುಡುಕಬಹುದು. ಮರಿಯನ್ ಜಿಮ್ಮರ್ ಬ್ರಾಡ್ಲಿ ಅಂತ ಅಮೆರಿಕದ ಲೇಖಕಿ, 1999ರಲ್ಲೇ ತೀರಿದವರು. ತಾಯಿಯೇ ತನ್ನ ಮೇಲೆ ದೌರ್ಜನ್ಯ ಮಾಡಿದ್ದು ಅಂತ ಮಗಳು 2014ರಲ್ಲಿ ಹೇಳಿದ ಮೇಲೆ ಬ್ರಿಟನ್ನಿನ ಪ್ರಕಾಶಕರು ಇ-ಪುಸ್ತಕದ ಆದಾಯವನ್ನು ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಕೊಡುತ್ತೇವೆ ಅಂದರು. ಪುಸ್ತಕ ನಿಲ್ಲಿಸಲಿಲ್ಲ, ದುಡ್ಡಿನ ದಾರಿ ತಿರುಗಿಸಿದರು.

ಮತ್ತೆ, ಇಷ್ಟೆಲ್ಲ ಹೇಳುವ ನಾನೇ ಹೇಳುತ್ತೇನೆ. ಈ ಗಡಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ಇದ್ದಾರಲ್ಲ, ಅವರ ಪುಸ್ತಕ ನನ್ನಲ್ಲಿ ಹುಡುಕಬೇಡಿ, ಹೊಸತೇ ಕೊಳ್ಳಿ.

ಪ್ರಶ್ನೆ (ಮುಳ್ಳೇರಿಯದ ಲೈಬ್ರರಿ ಸಮಿತಿಯವರು): ನಮ್ಮ ಊರ ಲೈಬ್ರರಿಯಲ್ಲಿ ಒಂದೇ ಕಪಾಟು ಕನ್ನಡ ಪುಸ್ತಕ ಇರುವುದು. ಈಚೆಗೆ ಹೆಸರು ಕೆಟ್ಟ ಒಬ್ಬರ ಪುಸ್ತಕಗಳನ್ನು ತೆಗೆದುಹಾಕಬೇಕು ಅಂತ ಸಮಿತಿಯಲ್ಲಿ ಇಬ್ಬರು ಹಟ ಹಿಡಿದಿದ್ದಾರೆ. ನೀವು ತಗೊಳ್ಳುತ್ತೀರಾ?

ಉತ್ತರ: ತಗೊಳ್ಳುವುದಿಲ್ಲ. ಲೈಬ್ರರಿ ಸೀಲು ಇರುವ ಪುಸ್ತಕ ಸಮಿತಿ ರದ್ದು ಮಾಡಿ ರಿಜಿಸ್ಟರಿನಲ್ಲಿ ಬರೆದ ಮೇಲೆ ಮಾತ್ರ ನನ್ನಲ್ಲಿ ಬರಲಿ, ಇಲ್ಲದಿದ್ದರೆ ನಾಳೆ ಕಳ್ಳಮಾಲು ಅಂತ ನನ್ನ ತಲೆಗೆ ಬರುತ್ತದೆ.

ತೆಗೆಯಲೂ ಬೇಡಿ ಅಂತ ನನ್ನ ಅಭಿಪ್ರಾಯ. ಮನೆಯ ಕಪಾಟು ಬೇರೆ, ಊರಿನ ಕಪಾಟು ಬೇರೆ. ನಾರ್ವೆಯ ಕಾದಂಬರಿಕಾರ ಹಾಮ್ಸುನ್ 1920ರಲ್ಲಿ ನೊಬೆಲ್ ಪಡೆದವನು, 1943ರಲ್ಲಿ ಆ ಪದಕವನ್ನು ಹಿಟ್ಲರನ ಮಂತ್ರಿ ಗೊಬೆಲ್ಸ್‌ಗೆ ಕೊಟ್ಟ. ಯುದ್ಧ ಮುಗಿದ ಮೇಲೆ ಅವನ ದೇಶದವರು ವಿಚಾರಣೆ ಮಾಡಿ ದಂಡ ಹಾಕಿದರು. ಪುಸ್ತಕ ಈಗಲೂ ಅಲ್ಲಿ ಓದುತ್ತಾರೆ, ಅವನು ಮಾಡಿದ್ದನ್ನೂ ಮರೆತಿಲ್ಲ. ನೀವು ಮಾಡಬಹುದಾದದ್ದು ನೀವು ಹೇಳಿದ ಆ ಲೇಖಕರ ಹೆಸರಿನಲ್ಲಿ ಕಾರ್ಯಕ್ರಮ ಮಾಡದೆ ಇರುವುದು, ಹೊಸ ಪ್ರತಿಗೆ ಗ್ರಾಂಟಿನ ದುಡ್ಡು ಹಾಕದೆ ಇರುವುದು, ಮಕ್ಕಳ ಓದಿನ ಸ್ಪರ್ಧೆಗೆ ಬಹುಮಾನವಾಗಿ ಕೊಡದೆ ಇರುವುದು. ಒಂದೇ ಕಪಾಟು ಕನ್ನಡ ಇರುವಾಗ ಅದನ್ನೂ ನಾವೇ ಖಾಲಿ ಮಾಡುತ್ತಾ ಹೋದರೆ ಬೇರೆಯವರಿಗೆ ಕೆಲಸವೇ ಇರುವುದಿಲ್ಲ.

ಪ್ರಶ್ನೆ (ಹೊಸಂಗಡಿಯ ಓದುಗರು): ನನ್ನಲ್ಲಿ ಅಂಥದ್ದೇ ಒಬ್ಬ ಕನ್ನಡ ಲೇಖಕರ ಸಹಿ ಇರುವ ಮೊದಲ ಮುದ್ರಣ ಉಂಟು. ಹೆಸರು ಇಲ್ಲಿ ಬೇಡ. ಈಗ ಮಾರಿದರೆ ಬೆಲೆ ಬರುತ್ತದಾ? ಮಾರಬಹುದಾ?

ಉತ್ತರ: ಮಾರಬಹುದು, ನಿಮ್ಮ ಸ್ವತ್ತು. ಕೈಬರಹದ ಮೂಲ ಹಸ್ತಪ್ರತಿ ಆಗಿದ್ದರೆ ವಿಷಯ ಬೇರೆ, 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಲೇಖಕರಿಗೆ ಒಂದು ಪಾಲು ಹೋಗಬೇಕು ಅಂತ ಕಾಯ್ದೆಯಲ್ಲಿ ಉಂಟು. ಸಹಿ ಮಾಡಿದ ಅಚ್ಚಿನ ಪುಸ್ತಕಕ್ಕೆ ಆ ನಿಯಮ ಇಲ್ಲ.

ಬೆಲೆ ಅಂದರೆ, ಬರೀ ಸಹಿ ಇದ್ದರೆ ಸ್ವಲ್ಪ ಜಾಸ್ತಿ ಸಿಗಬಹುದು, ನಿಮ್ಮ ಹೆಸರು ಬರೆದು 'ಪ್ರೀತಿಯಿಂದ' ಅಂತ ಇದ್ದರೆ ಕನ್ನಡದಲ್ಲಿ ಯಾರಿಗೂ ಬೇಡ. ಆ ಪುಟ ಹರಿಯಬೇಡಿ, ಹರಿದರೆ ಪುಸ್ತಕವೇ ಹೋಯಿತು. ವಿವಾದ ಎದ್ದ ಬಿಸಿಯಲ್ಲಿ ಫೋನ್ ಮಾಡಿ ಸಹಿ ಪ್ರತಿ ಉಂಟಾ ಅಂತ ಕೇಳುವವರು ಇದ್ದಾರೆ, ಅವರಿಗೆ ನಾನು ಕೊಡುವುದಿಲ್ಲ. ನಿಮ್ಮದನ್ನು ತಂದರೆ ಮಾಮೂಲಿ ಹಳೆ ಪ್ರತಿಯ ರೇಟಿಗೇ ತಗೊಳ್ಳುತ್ತೇನೆ, ಸಹಿಗೆ ಅಂತ ಪೈಸೆ ಸೇರಿಸುವುದಿಲ್ಲ. ಮಳೆ ಬಿಟ್ಟ ಮೇಲೆ ತನ್ನಿ, ಈಗ ಅಂಗಡಿಯೊಳಗೆ ಎಲ್ಲ ಬೂಸ್ಟು.