ಯುರೇನಿಯಂ ಬೆಲೆ ಏರಿದ ವರ್ಷದಲ್ಲೇ ಕ್ಯಾಮೆಕೊ ಲಾಭ ಇಳಿದದ್ದೇಕೆ?

ಪ್ರಶ್ನೆ: ಕಾಳಿತೀರ

ಎಲ್ಲರಿಗೂ ನಮಸ್ಕಾರ. ಕೈಗಾಕ್ಕೆ ಹತ್ತಿರದ ಊರಿನಲ್ಲಿ ಬೆಳೆದವನು ನಾನು. ಯುರೇನಿಯಂ ಎಂಬ ಮಾತು ನಮ್ಮ ಮನೆಯಲ್ಲಿ ಮಳೆ, ಮೀನುಗಳ ಮಾತಿನಷ್ಟೇ ಸಹಜವಾಗಿ ಬಂದುಹೋಗುತ್ತಿತ್ತು. ಆ ಕುತೂಹಲದಿಂದಲೇ ಕೆನಡಾದ ಸಸ್ಕಟೂನ್ ನಗರದಲ್ಲಿ ಕೇಂದ್ರ ಕಚೇರಿಯಿರುವ, ಯುರೇನಿಯಂ ಗಣಿಗಾರಿಕೆ ನಡೆಸುವ ಕ್ಯಾಮೆಕೊ ಕಂಪನಿಯ ವಾರ್ಷಿಕ ವರದಿಗಳನ್ನು ಕೆಲವು ವಾರಗಳಿಂದ ಓದುತ್ತಿದ್ದೇನೆ. ಆದರೆ ಒಂದು ಕಡೆ ಲೆಕ್ಕ ಬಗೆಹರಿಯುತ್ತಿಲ್ಲ.

2023ರಲ್ಲಿ ಸುಮಾರು 259 ಕೋಟಿ ಕೆನಡಿಯನ್ ಡಾಲರ್ ಇದ್ದ ಆದಾಯ 2024ರಲ್ಲಿ ಸುಮಾರು 314 ಕೋಟಿಗೆ ಏರಿದೆ. ಅದೇ ಅವಧಿಯಲ್ಲಿ ನಿವ್ವಳ ಲಾಭ ಮಾತ್ರ 36.1 ಕೋಟಿಯಿಂದ 17.2 ಕೋಟಿಗೆ, ಅಂದರೆ ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. 2024ರ ಆರಂಭದಲ್ಲಿ ಯುರೇನಿಯಂನ ಸ್ಪಾಟ್ ಬೆಲೆ, ಅಂದರೆ ತಕ್ಷಣದ ಖರೀದಿಗೆ ಮಾರುಕಟ್ಟೆಯಲ್ಲಿ ನಡೆಯುವ ಬೆಲೆ, ಪೌಂಡಿಗೆ 100 ಅಮೆರಿಕನ್ ಡಾಲರ್ ದಾಟಿತ್ತು. ಕಂಪನಿಯ ಕೈಗೆ ಆ ವರ್ಷ ಸರಾಸರಿ ಸಿಕ್ಕಿದ್ದು ಸುಮಾರು 58 ಡಾಲರ್ ಮಾತ್ರ. ಇದು ವ್ಯವಹಾರದಲ್ಲಿರುವ ದೌರ್ಬಲ್ಯವೇ, ಅಥವಾ ನಾನು ಓದುವ ರೀತಿಯಲ್ಲೇ ತಪ್ಪಿದೆಯೇ? ಮುಂದಿನ ಕೆಲವು ವರ್ಷಗಳ ಬಗ್ಗೆ ನಿಮ್ಮ ಅಂದಾಜೇನು? ಜೊತೆಗೆ ಇನ್ನೊಂದು ಸಣ್ಣ ಸಂದೇಹ: 2015ರಲ್ಲಿ ಭಾರತ ಈ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದ ಇಂಧನ ಕೈಗಾಕ್ಕೂ ಬಂದಿತ್ತೇ?

ಉತ್ತರ: ಖಾತೆಕಿರ್ದಿ

ನೀವು ಓದಿರುವ ಅಂಕಿಗಳು ಸರಿಯಾಗಿವೆ. ಆದರೆ ಎರಡು ಬೇರೆ ಬೇರೆ ವಿಷಯಗಳು ಅವುಗಳಲ್ಲಿ ಬೆರೆತುಹೋಗಿವೆ.

ಮೊದಲು ಬೆಲೆಯ ವಿಷಯ. ಫಸಲು ಬರುವ ಮುಂಚೆಯೇ ಚೇಣಿಗೆ ಕೊಟ್ಟ ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ಕೊಯ್ಲಿನ ಹೊತ್ತಿಗೆ ಪೇಟೆಯಲ್ಲಿ ಧಾರಣೆ ಎಷ್ಟೇ ಏರಿದ್ದರೂ ತೋಟದವನಿಗೆ ಸಿಗುವುದು ಮೊದಲು ಮಾತಾದ ಮೊತ್ತವೇ. ಧಾರಣೆ ಕುಸಿದ ವರ್ಷ ಅದೇ ಮಾತು ಅವನನ್ನು ಕಾಯುತ್ತದೆ. ಕ್ಯಾಮೆಕೊ ತನ್ನ ಯುರೇನಿಯಂನ ಬಹುಪಾಲನ್ನು ವಿದ್ಯುತ್ ಕಂಪನಿಗಳಿಗೆ ಹಲವು ವರ್ಷಗಳ ಒಪ್ಪಂದಗಳ ಮೇಲೆ ಮಾರುತ್ತದೆ. ಕೆಲವು ಒಪ್ಪಂದಗಳಲ್ಲಿ ಮೂಲಬೆಲೆಯೊಂದನ್ನು ನಿಗದಿಪಡಿಸಿ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಏರಿಸುತ್ತಾ ಹೋಗುತ್ತಾರೆ. ಉಳಿದವುಗಳಲ್ಲಿ ಮಾಲು ಸಾಗಿಸುವ ಸಮಯದ ಮಾರುಕಟ್ಟೆ ಬೆಲೆ ಅನ್ವಯಿಸಿದರೂ, ಇಂತಿಷ್ಟಕ್ಕಿಂತ ಕೆಳಗೆ ಇಳಿಯಬಾರದು, ಇಂತಿಷ್ಟಕ್ಕಿಂತ ಮೇಲೆ ಏರಬಾರದು ಎಂಬ ಕಟ್ಟು ಇರುತ್ತದೆ. 2024ರಲ್ಲಿ ಸಾಗಿಸಿದ ಮಾಲಿನ ಎಷ್ಟೋ ಒಪ್ಪಂದಗಳು ಬೆಲೆ ಇನ್ನೂ ಕೆಳಗಿದ್ದ ವರ್ಷಗಳಲ್ಲಿ ಸಹಿಯಾದವು. ಹಾಗಾಗಿ ಸ್ಪಾಟ್ ಬೆಲೆಯ ಏರಿಕೆ ಈ ಕಂಪನಿಯ ಖಾತೆಗೆ ತಡವಾಗಿ, ಮೆಲ್ಲಗೆ ಇಳಿಯುತ್ತದೆ. ಇದನ್ನು ದೌರ್ಬಲ್ಯ ಎಂದು ನಾನು ಕರೆಯಲಾರೆ. 2025ರ ಮಾರ್ಚ್‌ನಲ್ಲಿ ಸ್ಪಾಟ್ ಬೆಲೆ 65 ಡಾಲರ್‌ಗಳ ಆಸುಪಾಸಿಗೆ ಕುಸಿದಾಗ ಕಂಪನಿಗೆ ಸಿಗುವ ಸರಾಸರಿ ಬೆಲೆ ಅದರ ಹಿಂದೆ ಕುಸಿಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನು ಲಾಭದ ವಿಷಯ. ಯುರೇನಿಯಂ ವಿಭಾಗವನ್ನಷ್ಟೇ ನೋಡಿದರೆ 2024 ಒಳ್ಳೆಯ ವರ್ಷವೇ. ಲಾಭವನ್ನು ಕೆಳಗೆಳೆದದ್ದು ವೆಸ್ಟಿಂಗ್‌ಹೌಸ್. ರಿಯಾಕ್ಟರ್ ವಿನ್ಯಾಸ ಮತ್ತು ಇಂಧನ ತಯಾರಿಕೆಯ ಆ ಕಂಪನಿಯನ್ನು 2023ರ ನವೆಂಬರ್‌ನಲ್ಲಿ ಬ್ರೂಕ್‌ಫೀಲ್ಡ್ ಎಂಬ ಹೂಡಿಕೆ ಸಂಸ್ಥೆಯ ಜೊತೆಗೂಡಿ ಕೊಂಡಾಗ ಕ್ಯಾಮೆಕೊ ಪಾಲಿಗೆ 49 ಶೇಕಡಾ ಬಂದಿತು. ಕಂಪನಿಯೊಂದನ್ನು ಕೊಂಡಾಗ ಅದರ ದಾಸ್ತಾನು, ತಂತ್ರಜ್ಞಾನ, ಗ್ರಾಹಕ ಒಪ್ಪಂದಗಳಿಗೆಲ್ಲ ಹೊಸದಾಗಿ ಬೆಲೆ ಕಟ್ಟಿ, ಆ ಹೆಚ್ಚಿದ ಮೌಲ್ಯವನ್ನು ವರ್ಷ ವರ್ಷವೂ ವೆಚ್ಚವಾಗಿ ಬರೆದುಹಾಕಬೇಕೆಂಬುದು ಲೆಕ್ಕಪತ್ರದ ನಿಯಮ. ಇದರಿಂದಾಗಿ 2024ರಲ್ಲಿ ವೆಸ್ಟಿಂಗ್‌ಹೌಸ್‌ನಿಂದ ಕ್ಯಾಮೆಕೊ ಪಾಲಿಗೆ 21.8 ಕೋಟಿ ಕೆನಡಿಯನ್ ಡಾಲರ್ ನಷ್ಟ ಬಂದಂತೆ ಪುಸ್ತಕದಲ್ಲಿ ಕಾಣುತ್ತದೆ. ಬಡ್ಡಿ, ತೆರಿಗೆ, ಸವಕಳಿಗಳನ್ನೂ ಇಂಥ ಪುಸ್ತಕದ ವೆಚ್ಚಗಳನ್ನೂ ಕಳೆಯುವ ಮುಂಚಿನ ‘ಹೊಂದಾಣಿಕೆಯ ಗಳಿಕೆ’ಯಲ್ಲಿ ಅದೇ ಪಾಲು 48.3 ಕೋಟಿ. ಎರಡನ್ನೂ ಒಟ್ಟಿಗಿಟ್ಟು ನೋಡದೆ ಬರೀ ನಿವ್ವಳ ಲಾಭದ ಸಾಲನ್ನು ಓದಿದರೆ ದಾರಿ ತಪ್ಪುತ್ತೇವೆ.

ಹಾಗೆಂದು ಹೊಂದಾಣಿಕೆಯ ಗಳಿಕೆಯನ್ನು ಕಣ್ಣುಮುಚ್ಚಿ ನಂಬಿ ಎಂದೂ ನಾನು ಹೇಳುತ್ತಿಲ್ಲ, ಏಕೆಂದರೆ ಕೊಳ್ಳಲು ಕೊಟ್ಟ ಹಣ ನಿಜವಾದ ಹಣ. ಅದಕ್ಕಾಗಿ ಪಡೆದಿದ್ದ 60 ಕೋಟಿ ಅಮೆರಿಕನ್ ಡಾಲರ್ ಅವಧಿ ಸಾಲದ ಕೊನೆಯ ಕಂತನ್ನು 2025ರ ಜನವರಿಯಲ್ಲಿ ತೀರಿಸಿದ್ದಾರೆ. ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಈ ಸಂಗತಿ.

ಉತ್ತರ: ಬಂಡೆಗಲ್ಲು

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಗಣಿ ಎಂಜಿನಿಯರ್ ಆಗಿ ನಾನು ಈ ಕಂಪನಿಯನ್ನು ಪುಸ್ತಕದಿಂದಲ್ಲ, ನೆಲದಿಂದ ನೋಡುತ್ತೇನೆ.

ನಮ್ಮ ಹಟ್ಟಿಯಲ್ಲಿ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತದೆ. ಜಗತ್ತಿನ ಅನೇಕ ಯುರೇನಿಯಂ ಗಣಿಗಳಲ್ಲಿ ಅದಿರಿನ ಸಾಂದ್ರತೆ ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿರುವ ಕ್ಯಾಮೆಕೊದ ಸಿಗಾರ್ ಲೇಕ್ ಗಣಿಯಲ್ಲಾದರೋ ನೂರು ಕಿಲೋ ಅದಿರಿನಲ್ಲಿ ಹದಿನೈದು ಕಿಲೋ ಆಸುಪಾಸು ಯುರೇನಿಯಂ ಆಕ್ಸೈಡ್ ಇರುತ್ತದೆ. ಇಷ್ಟು ಶ್ರೀಮಂತ ಅದಿರಿನ ಹತ್ತಿರ ಮನುಷ್ಯರು ನಿಂತು ಕೆಲಸ ಮಾಡುವಂತಿಲ್ಲ, ಮೇಲಿನ ಮರಳುಗಲ್ಲಿನ ಪದರವೋ ನೀರಿನಿಂದ ತುಂಬಿ ತುಳುಕುತ್ತಿರುತ್ತದೆ. ಆದ್ದರಿಂದ ಸಾಲುಸಾಲಾಗಿ ಕೊಳವೆಗಳನ್ನು ಇಳಿಸಿ, ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯ ಉಪ್ಪುನೀರನ್ನು ಅವುಗಳಲ್ಲಿ ತಿಂಗಳುಗಟ್ಟಲೆ ಹರಿಸಿ, ಅದಿರನ್ನೂ ಸುತ್ತಲಿನ ಬಂಡೆಯನ್ನೂ ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಬಳಿಕ ಅದಿರಿನ ಕೆಳಗಿನ ಸುರಂಗದಿಂದ ಅತಿ ಒತ್ತಡದ ನೀರಿನ ಧಾರೆಯನ್ನು ಮೇಲಕ್ಕೆ ಹಾಯಿಸಿ ಅದಿರನ್ನು ಕೊರೆಯುತ್ತಾರೆ. ಅದು ಕೆಸರಾಗಿ ಕೊಳವೆಗಳ ಮೂಲಕ ಇಳಿದು ಬರುತ್ತದೆ. 2006ರಲ್ಲಿ ಇದೇ ಗಣಿಗೆ ನೀರು ನುಗ್ಗಿದ ಕಾರಣ ಉತ್ಪಾದನೆ ಆರಂಭವಾಗುವಾಗ 2014 ಆಗಿತ್ತು. ಕಂಪನಿಯ ಇನ್ನೊಂದು ದೊಡ್ಡ ಗಣಿಯಾದ ಮೆಕ್‌ಆರ್ಥರ್ ರಿವರ್‌ಗೂ 2003ರಲ್ಲಿ ನೀರು ನುಗ್ಗಿತ್ತು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, 2025ರ ಆಗಸ್ಟ್‌ನಲ್ಲಿ ಕಂಪನಿ ಮೆಕ್‌ಆರ್ಥರ್ ರಿವರ್‌ನ ವರ್ಷದ ಗುರಿಯನ್ನು 1.8 ಕೋಟಿ ಪೌಂಡುಗಳಿಂದ 1.4ರಿಂದ 1.5 ಕೋಟಿಗೆ ಇಳಿಸಿದ್ದಕ್ಕೆ ಕಾರಣ ಬೇಡಿಕೆಯೂ ಅಲ್ಲ, ಬೆಲೆಯೂ ಅಲ್ಲ. ಹೊಸ ಗಣಿಭಾಗಗಳ ಸಿದ್ಧತೆ ತಡವಾಯಿತು, ನೆಲ ಹೆಪ್ಪುಗಟ್ಟುವುದು ಅಂದುಕೊಂಡದ್ದಕ್ಕಿಂತ ನಿಧಾನವಾಯಿತು. ಹಿಂದಿನ ವರ್ಷ ಅದೇ ಅದಿರನ್ನು ಸಂಸ್ಕರಿಸುವ ಕೀ ಲೇಕ್ ಘಟಕ 2.03 ಕೋಟಿ ಪೌಂಡು ಉತ್ಪಾದಿಸಿ ದಾಖಲೆ ಮಾಡಿತ್ತು. ಮಂಜುಗಡ್ಡೆಗೆ ಅವಸರ ಮಾಡಿಸಲು ಯಾವ ಆಡಳಿತ ಮಂಡಳಿಗೂ ಸಾಧ್ಯವಿಲ್ಲ, ಮತ್ತು ಅವಸರ ಮಾಡದೆ ಗುರಿಯನ್ನೇ ಇಳಿಸಿದ್ದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ.

ಕಾಳಿತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಗಾದರೆ ಗಣಿ ನಿಧಾನವಾದಾಗ ಒಪ್ಪಂದದ ಮಾಲನ್ನು ಎಲ್ಲಿಂದ ಒದಗಿಸುತ್ತಾರೆ?

ಉತ್ತರ: ಮುಂಗಾರು

ಬೆಲೆಯ ಮುಂದಿನ ದಿಕ್ಕಿಗಿಂತ ಮುಖ್ಯವಾದ ಪ್ರಶ್ನೆ ಇದೇ. 2024ರಲ್ಲಿ ಕ್ಯಾಮೆಕೊ ಪಾಲಿನ ಉತ್ಪಾದನೆ 2.34 ಕೋಟಿ ಪೌಂಡು, ಮಾರಾಟ 3.36 ಕೋಟಿ ಪೌಂಡು. ನಡುವಿನ ಅಂತರವನ್ನು ದಾಸ್ತಾನಿನಿಂದ, ಮಾರುಕಟ್ಟೆಯ ಖರೀದಿಯಿಂದ ಮತ್ತು ಕಜಾಕಿಸ್ತಾನದ ಇನ್‌ಕಾಯ್ ಜಂಟಿ ಉದ್ಯಮದಿಂದ ತುಂಬಿಸುತ್ತಾರೆ. ಇನ್‌ಕಾಯ್‌ನಲ್ಲಿ ಕ್ಯಾಮೆಕೊ ಪಾಲು 40 ಶೇಕಡಾ, ಉಳಿದದ್ದು ಆ ದೇಶದ ಸರ್ಕಾರಿ ಯುರೇನಿಯಂ ಕಂಪನಿಯಾದ ಕಜಾಟಮ್‌ಪ್ರೊಮ್‌ನದು. 2025ರ ಜನವರಿಯಲ್ಲಿ ಅನುಮತಿ ಪತ್ರಗಳು ತಡವಾದ ಒಂದೇ ಕಾರಣಕ್ಕೆ ಅಲ್ಲಿ ಉತ್ಪಾದನೆ ಕೆಲವು ವಾರ ನಿಂತುಹೋಗಿತ್ತು. ಜಗತ್ತಿನ ಯುರೇನಿಯಂನ ಸುಮಾರು 40 ಶೇಕಡಾ ತೆಗೆಯುವ ದೇಶದಲ್ಲಿ ಕಾಗದಪತ್ರದ ತಡೆಯೂ ಎಷ್ಟು ದೂರ ಮುಟ್ಟುತ್ತದೆ ಎಂಬುದು ಆಗ ತಿಳಿಯಿತು. ಸ್ಪಾಟ್ ಬೆಲೆ ಏರುವಾಗ ಸ್ವಂತ ಗಣಿ ಹಿಂದೆ ಬಿದ್ದರೆ ಕಂಪನಿ ದುಬಾರಿ ಬೆಲೆಗೆ ಕೊಂಡು ಹಳೆಯ ಒಪ್ಪಂದದ ಬೆಲೆಗೆ ಕೊಡಬೇಕಾಗುತ್ತದೆ. ಹಾಗಾಗಿ ಬೆಲೆ ಏರುವುದೆಲ್ಲವೂ ಈ ಕಂಪನಿಗೆ ಲಾಭವೇ ಎಂದು ಭಾವಿಸುವುದು ಸರಿಯಲ್ಲ.

ಈ ಉದ್ಯಮದ ನೆನಪು ದೀರ್ಘವಾದದ್ದು. 2007ರಲ್ಲಿ 130 ಡಾಲರ್ ದಾಟಿದ್ದ ಬೆಲೆ, 2011ರ ಫುಕುಶಿಮಾ ದುರಂತದ ನಂತರದ ವರ್ಷಗಳಲ್ಲಿ ಇಳಿಯುತ್ತಾ ಹೋಗಿ 2016ರ ಕೊನೆಯಲ್ಲಿ 20 ಡಾಲರ್‌ಗಿಂತ ಕೆಳಗೆ ಬಂದಿತ್ತು. ಆಗ ರ‍್ಯಾಬಿಟ್ ಲೇಕ್ ಗಣಿಯನ್ನು, ಬಳಿಕ ಮೆಕ್‌ಆರ್ಥರ್ ರಿವರ್ ಗಣಿಯನ್ನೂ ನಿಲ್ಲಿಸಿ, ನೂರಾರು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಎರಡನೆಯದು ಮತ್ತೆ ಉತ್ಪಾದನೆಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಬೆಲೆ ಸಾಲದಾದಾಗ ಅದಿರನ್ನು ನೆಲದಲ್ಲೇ ಬಿಡುವ ಆ ಸಂಯಮವನ್ನು ನಾನು ಗೌರವಿಸುತ್ತೇನೆ. ಅದರ ಬೆಲೆಯನ್ನು ಉತ್ತರ ಸಸ್ಕಾಚೆವಾನ್‌ನ ಕುಟುಂಬಗಳು ತೆತ್ತವು ಎಂಬುದನ್ನೂ ಮರೆಯಲಾರೆ.

ಮುಂದಿನ ದಿನಗಳ ಮಟ್ಟಿಗೆ ನನಗಿರುವುದು ಎಚ್ಚರದ ಆಶಾವಾದ. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ, ವೆಸ್ಟಿಂಗ್‌ಹೌಸ್ ರಿಯಾಕ್ಟರ್‌ಗಳಿಗೆ ಕನಿಷ್ಠ 8,000 ಕೋಟಿ ಡಾಲರ್ ಹೂಡಿಕೆಯ ಸಹಭಾಗಿತ್ವವನ್ನು ಘೋಷಿಸಿತು. ಆ ಯೋಜನೆ ಕಾರ್ಯರೂಪಕ್ಕೆ ಬಂದು ವೆಸ್ಟಿಂಗ್‌ಹೌಸ್ ಹಂಚುವ ಹಣ 1,750 ಕೋಟಿ ಡಾಲರ್ ಮೀರಿದರೆ, ಮೀರಿದ ಮೊತ್ತದ ಐದನೆಯ ಒಂದು ಭಾಗ ಸರ್ಕಾರಕ್ಕೆ ಸೇರುತ್ತದೆ ಎಂಬ ಷರತ್ತನ್ನು ಶೇರು ಕೊಳ್ಳುವವರು ಓದಿಕೊಳ್ಳಬೇಕು. ಘೋಷಣೆಗೂ ಕಾಂಕ್ರೀಟಿಗೂ ನಡುವೆ ಅಣುಶಕ್ತಿ ಕ್ಷೇತ್ರದಲ್ಲಿ ವರ್ಷಗಳೇ ಉರುಳುತ್ತವೆ, ಶೇರಿನ ಬೆಲೆ ಮಾತ್ರ ಅಷ್ಟು ಕಾಯುವುದಿಲ್ಲ.

ಕೈಗಾದ ಸಂದೇಹಕ್ಕೆ ಉತ್ತರ ಸರಳವಾಗಿದೆ. 2015ರ ಏಪ್ರಿಲ್‌ನಲ್ಲಿ ನಮ್ಮ ಅಣುಶಕ್ತಿ ಇಲಾಖೆ ಮಾಡಿಕೊಂಡ ಒಪ್ಪಂದ 2020ರವರೆಗೆ 71 ಲಕ್ಷ ಪೌಂಡುಗಳದ್ದು. ಆಮದಾದ ಯುರೇನಿಯಂ ಅನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಗಾದಲ್ಲಿರುವ ರಾವತ್‌ಭಾಟಾ, ಕಾಕ್ರಾಪಾರ್‌ಗಳಂಥ ಸ್ಥಾವರಗಳಲ್ಲಿ ಮಾತ್ರ ಬಳಸಬಹುದು; ಕೈಗಾದ ನಾಲ್ಕೂ ಘಟಕಗಳು ಆ ನಿಗಾದ ಹೊರಗಿವೆ. 2018ರ ಕೊನೆಯಲ್ಲಿ ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಬರೆದದ್ದು ನಮ್ಮದೇ ದೇಶದ ಯುರೇನಿಯಂನಿಂದ.

ಕಾಳಿತೀರ

ಕೊನೆಯ ಸಾಲನ್ನು ಈಗಷ್ಟೇ ಮನೆಯಲ್ಲಿ ಓದಿ ಹೇಳಿದೆ. ಎಲ್ಲರಿಗೂ ಬಹಳ ಸಂತೋಷವಾಯಿತು. ಮುಂದಿನ ವರದಿ ಬಂದಾಗ ನಿವ್ವಳ ಲಾಭದ ಸಾಲಿಗೆ ಹೋಗುವ ಮೊದಲು ಮೆಕ್‌ಆರ್ಥರ್ ರಿವರ್‌ನಲ್ಲಿ ನೆಲ ಎಷ್ಟು ಹೆಪ್ಪುಗಟ್ಟಿದೆ ಮತ್ತು ಆ ವರ್ಷ ಎಷ್ಟು ಪೌಂಡು ಹೊರಗಿನಿಂದ ಕೊಂಡಿದ್ದಾರೆ ಎಂಬುದನ್ನು ನೋಡಿ ಇಲ್ಲಿಯೇ ಬರೆಯುತ್ತೇನೆ.